ಮಲಗಿಸಿದರೆ ಏಳುತ್ತದೆ, ನಿಲ್ಲಿಸಿದರೆ ಏಳುವುದಿಲ್ಲ: ಹೊಸ ಡೆಸ್ಕ್‌ಟಾಪ್ ಒಂದರ ಪ್ರಕರಣ

ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್ ಆನ್ ಆಗದಿದ್ದರೆ ಒಳಗಿನ ಮದರ್‌ಬೋರ್ಡಿನ ಮೇಲೆ ಹತ್ತಿದ ಸಣ್ಣ ದೀಪ ನೋಡಿ ಅಂಗಡಿಗೆ ಓಡುವವರು ಬಹಳ. ಹಾಸನದ ನನ್ನ ರಿಪೇರಿ ಅಂಗಡಿಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ಬೇಡದ ಒಂದೋ ಎರಡೋ ಬಿಡಿಭಾಗ ಇರುತ್ತದೆ, ಜೇಬು ಖಾಲಿಯಾಗಿರುತ್ತದೆ. ಈ ಪ್ರಕರಣದಲ್ಲೂ ಹಾಗೇ ಆಯಿತು. ಯಾವ ಪರೀಕ್ಷೆಯಿಂದ ಏನು ತಿಳಿಯಿತು, ಯಾವುದು ತಿಳಿಸಿದಂತೆ ಕಂಡರೂ ಏನನ್ನೂ ತಿಳಿಸಲಿಲ್ಲ ಎಂಬುದನ್ನು ಸೇರಿಸಿಯೇ ಬರೆಯುತ್ತಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಜೋಡಿಸುವ ಹುಡುಗರಿಗೆ ಇದರಿಂದ ದುಡ್ಡು ಉಳಿಯಬಹುದು ಎಂಬ ಆಸೆ ನನಗಿದೆ.

ಯಂತ್ರ ಅರಕಲಗೂಡು ಕಡೆಯ ಒಬ್ಬ ಹುಡುಗನದು. ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೋ ಎಡಿಟಿಂಗ್ ಅವನ ಕೆಲಸ. ಬೇರೆಯವರ ಸ್ಟುಡಿಯೋದಲ್ಲಿ ಕೂತು ಮಾಡುತ್ತಿದ್ದವನು ಸ್ವಂತಕ್ಕೆ ಒಂದು ಸಿಸ್ಟಮ್ ಬೇಕೆಂದು ಹೊರಟ. ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದುಕೊಟ್ಟರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೊಂದೇ ಭಾಗ ವಿಚಾರಿಸಿ ಕೊಂಡು ತಂದು ಮನೆಯಲ್ಲೇ ಜೋಡಿಸಿದ. ಇಂಟೆಲ್ ಐ5-12400 ಪ್ರೊಸೆಸರ್, ಬಿ760 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡ್, 16 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಎಲ್ಲಕ್ಕೂ ಕರೆಂಟು ಹಂಚುವ 550 ವ್ಯಾಟ್‌ನ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಮುಂದೆ ದುಡ್ಡಾದಾಗ ಕೊಳ್ಳುವುದೆಂದು ಬಿಟ್ಟಿದ್ದ. 12400ರೊಳಗೇ ಯುಎಚ್‌ಡಿ 730 ಗ್ರಾಫಿಕ್ಸ್ ಇರುವುದರಿಂದ ಮಾನಿಟರ್ ಕೇಬಲನ್ನು ಬೋರ್ಡಿಗೇ ಚುಚ್ಚಬಹುದು. ಆಯ್ಕೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಆ ದುಡ್ಡಿಗೆ ನಾನಾದರೂ ಇದನ್ನೇ ಹೇಳುತ್ತಿದ್ದೆ. ಪ್ರೊಸೆಸರಿನ ಡಬ್ಬಿಯಲ್ಲೇ ಬಂದ ಚಿಕ್ಕ ಕೂಲರನ್ನು ಎತ್ತಿಟ್ಟು, ರಾತ್ರಿಯೆಲ್ಲ ರೆಂಡರ್ ಓಡಿಸಿದರೂ ಬಿಸಿಯಾಗಬಾರದೆಂದು ಎತ್ತರದ ಟವರ್ ಕೂಲರ್ ಹಾಕಿಕೊಂಡಿದ್ದ.

ಬಂದಾಗ ಹೇಗಿತ್ತು

ಬಟನ್ ಒತ್ತಿದರೆ ಫ್ಯಾನುಗಳು ತಿರುಗುತ್ತವೆ, ಕ್ಯಾಬಿನೆಟ್ಟಿನ ದೀಪ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲವೂ ನಿಂತು, ಯಾರೂ ಮುಟ್ಟದೆಯೇ ಮತ್ತೆ ಶುರುವಾಗುತ್ತದೆ. ಹೀಗೆ ನಿಲ್ಲುತ್ತಾ ಶುರುವಾಗುತ್ತಾ ಕೊನೆಗೆ ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಎಂದು ಬರೆದಿರುವ ಕಡೆ ಹಳದಿ ದೀಪ ಹತ್ತಿ ಹಾಗೇ ಉಳಿಯುತ್ತದೆ. ಅಪರೂಪಕ್ಕೊಮ್ಮೆ ಬಯಾಸ್ ಪರದೆ, ಅಂದರೆ ವಿಂಡೋಸ್‌ಗೂ ಮುಂಚಿನ ಬೋರ್ಡಿನ ಸ್ವಂತ ಪರದೆ, ಬರುತ್ತದೆ, ಬಂದರೂ ಸ್ವಲ್ಪದರಲ್ಲೇ ಹ್ಯಾಂಗ್ ಆಗುತ್ತದೆ.

ನನ್ನ ಹತ್ತಿರ ಬರುವ ಮುಂಚೆ ಸಾಕಷ್ಟು ನಡೆದುಹೋಗಿತ್ತು. ಹಳದಿ ದೀಪ ನೋಡಿದ ಯಾರೋ ರ‍್ಯಾಮ್ ಹೋಗಿದೆ ಎಂದಿದ್ದರು. ಹುಡುಗ ಇನ್ನೊಂದು ಜೊತೆ ರ‍್ಯಾಮ್ ಕೊಂಡ. ಏನೂ ಬದಲಾಗಲಿಲ್ಲ, ಪ್ಯಾಕ್ ಒಡೆದದ್ದಕ್ಕೆ ಅದು ವಾಪಸ್ಸೂ ಆಗಲಿಲ್ಲ. ಆಮೇಲೆ ಬೋರ್ಡು, ಪ್ರೊಸೆಸರ್, ಮೊದಲಿನ ರ‍್ಯಾಮ್ ಇಷ್ಟನ್ನು ಡಬ್ಬಿಗೆ ತುಂಬಿಕೊಂಡು ಬೆಂಗಳೂರಿಗೆ ಹೋದ. ಅಂಗಡಿಯವರು ಟೇಬಲ್ ಮೇಲೆ ಬೋರ್ಡ್ ಇಟ್ಟು, ತಮ್ಮ ಕೂಲರ್ ಕೂರಿಸಿ, ತಮ್ಮ ಎಸ್‌ಎಂಪಿಎಸ್ ಕೊಟ್ಟು ತೋರಿಸಿದರು. ಒತ್ತಿದ ಕೂಡಲೇ ಡಿಸ್ಪ್ಲೇ ಬಂತು, 32 ಜಿಬಿ ಪೂರ್ತಿ ಕಾಣಿಸಿತು. ಊರಿಗೆ ತಂದು ಜೋಡಿಸಿದ, ಮತ್ತೆ ಅದೇ ಹಳದಿ ದೀಪ.

“ಅಣ್ಣ, ಎಲ್ಲಾರೂ ಅವರವರದು ಸರಿ ಇದೆ ಅಂತಾರೆ. ಹಂಗಾದ್ರೆ ತಪ್ಪು ಯಾರ್ದು?” ಎಂದು ಕೇಳಿದ. ಕಣ್ಣಲ್ಲಿ ನೀರಿತ್ತು. ಸಾಲದ ಮೊದಲ ಕಂತಿನ ದಿನ ಹತ್ತಿರ ಬಂದಿತ್ತು, ಎಡಿಟ್ ಆಗಬೇಕಾದ ಎರಡು ಮದುವೆಗಳ ವಿಡಿಯೋ ಇರುವ ಮೆಮೊರಿ ಕಾರ್ಡು ಬ್ಯಾಗಿನಲ್ಲೇ ಇದ್ದವು.

ಅಂಗಡಿಯವರ ಮಾತು ನಂಬುವಂಥದ್ದೇ ಎಂದು ಅವನಿಗೆ ಮೊದಲು ಹೇಳಿದೆ. ತಮ್ಮ ಟೇಬಲ್ ಮೇಲೆ ಕೆಲಸ ಮಾಡಿದ್ದನ್ನು ಅವರು ಕಣ್ಣೆದುರೇ ತೋರಿಸಿದ್ದಾರೆ. ಅದು ಜಾರಿಕೊಳ್ಳುವ ಮಾತಲ್ಲ, ಬೆಲೆಯುಳ್ಳ ಸಾಕ್ಷ್ಯ. ಆ ಒಂದೇ ಪರೀಕ್ಷೆಯಿಂದ ಬೋರ್ಡು, ಪ್ರೊಸೆಸರು, ರ‍್ಯಾಮ್ ಮೂರೂ ಹೆಚ್ಚುಕಡಿಮೆ ಅನುಮಾನದಿಂದ ಹೊರಬಿದ್ದವು. ಅಲ್ಲಿಗೆ ಹೋಗದೆ ಊರಿನಲ್ಲೇ ಉಳಿದದ್ದು ಎಸ್‌ಎಂಪಿಎಸ್, ಕ್ಯಾಬಿನೆಟ್, ಟವರ್ ಕೂಲರ್ ಮತ್ತು ಮನೆಯ ಕರೆಂಟು. ಹುಡುಕಬೇಕಾದದ್ದು ಈ ನಾಲ್ಕರಲ್ಲಿ.

ಇನ್ನೊಂದು ವಿಷಯವನ್ನೂ ಕೇಳಿದೆ: ಒಮ್ಮೆಯಾದರೂ ಸರಿಯಾಗಿ ಆನ್ ಆಗಿತ್ತಾ, ಆದಾಗ ಎಲ್ಲಿತ್ತು, ಹೇಗಿತ್ತು? “ಜೋಡಿಸಿದ ದಿನ ಹಾಲಲ್ಲಿ ನೆಲದ ಮೇಲೆ ಇಟ್ಕೊಂಡು ಒತ್ತಿದಾಗ ಬಂತಣ್ಣ. ಆಮೇಲೆ ರೂಮಿಗೆ ತಗೊಂಡೋಗಿ ಟೇಬಲ್ ಮೇಲಿಟ್ಟೆ, ಅಲ್ಲಿಂದ ಶುರುವಾಯ್ತು.” ಹಾಲಿನಿಂದ ರೂಮಿಗೆ ಹೋದಾಗ ಪ್ಲಗ್ ಬದಲಾಗಿದೆ, ಕೇಬಲ್ ಬಿಚ್ಚಿ ಮತ್ತೆ ಚುಚ್ಚಿದ್ದಾನೆ, ಮಲಗಿದ್ದ ಕ್ಯಾಬಿನೆಟ್ ಎದ್ದು ನಿಂತಿದೆ. ಮೂರನ್ನೂ ಚೀಟಿಯ ಮೇಲೆ ಬರೆದುಕೊಂಡೆ.

ಆ ದೀಪ ಹೇಳುವುದೇನು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎರಡನೇ ಜೊತೆ ರ‍್ಯಾಮಿಗೆ ಹೋದ ದುಡ್ಡಿನ ಕಾರಣ ಇಲ್ಲೇ ಇದೆ.

ಪವರ್ ಬಟನ್ ಒತ್ತಿದಾಗ ಬೋರ್ಡ್ ಎಸ್‌ಎಂಪಿಎಸ್‌ಗೆ ಎದ್ದೇಳು ಎಂದು ಸೂಚನೆ ಕೊಡುತ್ತದೆ. ಬಣ್ಣದ ತಂತಿಗಳಿರುವ 24 ಪಿನ್ನಿನ ಕೇಬಲ್‌ನಲ್ಲಿ ಅದು ಹಸಿರು ತಂತಿ. 12, 5 ಮತ್ತು 3.3 ವೋಲ್ಟ್‌ಗಳು ನೆಲೆ ನಿಂತ ಮೇಲೆ, 100ರಿಂದ 500 ಮಿಲಿಸೆಕೆಂಡಿನೊಳಗೆ, ಬೂದು ತಂತಿಯ ಮೇಲೆ ಪವರ್ ಗುಡ್ ಎಂಬ ಒಪ್ಪಿಗೆ ಬರುತ್ತದೆ. ಆಮೇಲಷ್ಟೇ ಪ್ರೊಸೆಸರ್ ಎಚ್ಚರಗೊಂಡು ಬಯಾಸ್ ಚಿಪ್ಪಿನಿಂದ ಮೊದಲ ಆಜ್ಞೆ ಓದುತ್ತದೆ. ಆ ಹೊತ್ತಿನಲ್ಲಿ ರ‍್ಯಾಮ್ ಇನ್ನೂ ಬಳಕೆಗೆ ಸಿಕ್ಕಿರುವುದಿಲ್ಲ. ಪ್ರೊಸೆಸರ್ ತನ್ನೊಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲೇ ಕೆಲಸ ನಡೆಸುತ್ತದೆ. ನಂತರ ರ‍್ಯಾಮ್ ಕಡ್ಡಿಯ ಮೇಲಿನ ಪುಟ್ಟ ಚಿಪ್ಪಿನಿಂದ ಅದರ ಗಾತ್ರ, ವೇಗ ಎಲ್ಲ ಓದಿಕೊಂಡು, ಒಂದೊಂದು ಗೆರೆಯ ಸಮಯವನ್ನೂ ಹೊಂದಿಸಿ ನೋಡುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಇದು ಮುಗಿದ ಮೇಲೆ ಗ್ರಾಫಿಕ್ಸ್, ಕೊನೆಗೆ ವಿಂಡೋಸ್ ಇರುವ ಡ್ರೈವ್. ಬೋರ್ಡಿನ ಮೇಲಿನ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ದೀಪಗಳು ಈ ಹಂತಗಳಿಗೆ ಇಟ್ಟವು. ಟ್ರೇನಿಂಗ್ ಸೋತರೆ ಎಷ್ಟೋ ಬೋರ್ಡುಗಳು ತಾವೇ ಪವರ್ ಕಡಿದು, ಸೆಟ್ಟಿಂಗ್ ಸಡಿಲಿಸಿ ಮತ್ತೆ ಪ್ರಯತ್ನಿಸುತ್ತವೆ. ಹುಡುಗ ನೋಡಿದ ನಿಲ್ಲುವುದು-ಶುರುವಾಗುವುದು ಅದೇ.

ಹಾಗಾಗಿ ಹಳದಿ ದೀಪದ ಅರ್ಥ, ಮೆಮೊರಿ ಎಬ್ಬಿಸುವ ಹಂತ ದಾಟಲಾಗಲಿಲ್ಲ ಎಂದಷ್ಟೇ. ಆ ಹಂತದಲ್ಲಿ ರ‍್ಯಾಮ್ ಕಡ್ಡಿ ಒಂದೇ ಪಾತ್ರಧಾರಿ ಅಲ್ಲ. ಕಡ್ಡಿ ಕೂರುವ ಸ್ಲಾಟ್ ಇದೆ, ಬೋರ್ಡಿನೊಳಗಿನ ತಾಮ್ರದ ಗೆರೆಗಳಿವೆ, ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್ನುಗಳಿವೆ, ಪ್ರೊಸೆಸರಿನೊಳಗೇ ಕೂತಿರುವ ಮೆಮೊರಿ ಕಂಟ್ರೋಲರ್ ಇದೆ. ಮೊದಲು ಕಂಟ್ರೋಲರ್ ಬೋರ್ಡಿನ ಬೇರೆ ಚಿಪ್ಪಿನಲ್ಲಿರುತ್ತಿತ್ತು. ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಅದು 2008ರ ನೆಹಲೆಮ್ ಪೀಳಿಗೆಯಿಂದ ಪ್ರೊಸೆಸರಿನೊಳಗೆ ಸೇರಿತು. ಅಂದಿನಿಂದ ರ‍್ಯಾಮಿನ ಪ್ರತಿಯೊಂದು ಬಿಟ್ಟೂ ಸಾಕೆಟ್ಟಿನ ಸ್ಪ್ರಿಂಗಿನಂಥ ಸಣ್ಣ ಪಿನ್ನುಗಳನ್ನು ದಾಟಿಯೇ ಹೋಗಬೇಕು. 12400 ಕೂರುವ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಅಂಥ ಪಿನ್ನು 1700. ಡಿಡಿಆರ್4ನ ಒಂದೊಂದು ಚಾನೆಲ್‌ಗೆ (ಮೆಮೊರಿಗೂ ಪ್ರೊಸೆಸರಿಗೂ ನಡುವಿನ ದಾರಿಗೆ) 64 ಡೇಟಾ ಗೆರೆ, ಎರಡಕ್ಕೆ 128, ಇವಲ್ಲದೆ ಗಡಿಯಾರದ ಮತ್ತು ವಿಳಾಸದ ಗೆರೆಗಳು. ಒಂದು ಪಿನ್ನಿನ ಸ್ಪರ್ಶ ಹದ ತಪ್ಪಿದರೂ ಟ್ರೇನಿಂಗ್ ಸೋಲಬಹುದು, ಹತ್ತುವ ದೀಪ ಮಾತ್ರ ಡಿರ‍್ಯಾಮ್ ಹೆಸರಿನದೇ.

ಮೊದಲ ಸುತ್ತು

ನನ್ನ ಅಂಗಡಿಯ ಟೇಬಲ್ ಮೇಲೆ ಕ್ಯಾಬಿನೆಟ್ ನಿಲ್ಲಿಸಿ, ಅರ್ತಿಂಗ್ ಸರಿಯಿರುವ ಪ್ಲಗ್ಗಿಗೆ ಹಾಕಿ ಒತ್ತಿದೆ. ಅದೇ ಹಳದಿ ದೀಪ. ಮನೆಯ ಕರೆಂಟು ಇದಕ್ಕೆ ಕಾರಣವಲ್ಲ ಎಂಬುದು ಅಲ್ಲಿಗೇ ಸ್ಪಷ್ಟವಾಯಿತು.

ಸಾಮಾನ್ಯವಾಗಿ ತಪ್ಪುವ ಜಾಗಗಳನ್ನು ಬೇಗ ಬೇಗ ನೋಡಿದೆ. ಪ್ರೊಸೆಸರಿಗೆ ಹೋಗುವ 8 ಪಿನ್ನಿನ ಕೇಬಲ್ ಪೂರ್ತಿ ಕೂತಿತ್ತು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಹಾಗೇ ಇರುವುದರಿಂದ ಅದನ್ನೇ ಒತ್ತಿ ತುರುಕಿದ ಉದಾಹರಣೆ ಕಂಡಿದ್ದೇನೆ, ಇಲ್ಲಿ ಹಾಗಾಗಿರಲಿಲ್ಲ. ರ‍್ಯಾಮ್ ಎರಡೂ ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿದ್ದವು, ಅಂದರೆ ಎ2, ಬಿ2 (ಎ ಮತ್ತು ಬಿ ಚಾನೆಲ್‌ಗಳ ಎರಡನೇ ಸ್ಲಾಟು), ಸರಿಯಾದ ಜಾಗ. ಬ್ಯಾಟರಿ ತೆಗೆದು ಬಯಾಸ್ ಸೆಟ್ಟಿಂಗ್ ಅಳಿಸಿದೆ, ವ್ಯತ್ಯಾಸವಿಲ್ಲ. ಬಯಾಸ್ ಹಳತಾಗಿ ಪ್ರೊಸೆಸರನ್ನು ಗುರುತಿಸದೆ ಇರಬಹುದೇ ಎಂಬ ಪ್ರಶ್ನೆಗೆ ಪರೀಕ್ಷೆಯೇ ಬೇಕಿರಲಿಲ್ಲ. 12400 ಬಂದದ್ದು 2022ರ ಜನವರಿಯಲ್ಲಿ, ಬಿ760 ಬೋರ್ಡುಗಳು ಬಂದದ್ದು 2023ರ ಜನವರಿಯಲ್ಲಿ. ಬೋರ್ಡೇ ಪ್ರೊಸೆಸರಿಗಿಂತ ಒಂದು ವರ್ಷ ಚಿಕ್ಕದು. ಹಳೆ ಸ್ಟಾಕಿನ ಬಿ660 ಬೋರ್ಡಿಗೆ 2023ರ ಕೊನೆಗೆ ಬಂದ 14ನೇ ಪೀಳಿಗೆಯ ಪ್ರೊಸೆಸರ್ ಹಾಕಿದ್ದರೆ ಮಾತು ಬೇರೆ ಇರುತ್ತಿತ್ತು.

ಎಸ್‌ಎಂಪಿಎಸ್ ಬಗ್ಗೆ ಹುಡುಗನಿಗೆ ಬಹಳ ಅನುಮಾನವಿತ್ತು. ಪೇಪರ್ ಕ್ಲಿಪ್ಪಿನಿಂದ ಹಸಿರು ತಂತಿ ಮತ್ತು ಕಪ್ಪು ತಂತಿ ಜೋಡಿಸಿ ಫ್ಯಾನ್ ತಿರುಗಿದ್ದನ್ನು ಅವನೇ ನೋಡಿದ್ದ. ಆ ಪರೀಕ್ಷೆ ಎಸ್‌ಎಂಪಿಎಸ್ ಏಳುತ್ತದೆ ಎಂದು ಹೇಳುತ್ತದೆ, ಹೊರೆ ಬಿದ್ದಾಗ ನಿಲ್ಲುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಬೋರ್ಡಿಗೆ ಜೋಡಿಸಿದ್ದಾಗಲೇ ಕನೆಕ್ಟರಿನ ಹಿಂದಿನಿಂದ ಮಲ್ಟಿಮೀಟರ್ ಮುಳ್ಳು ಇಟ್ಟು ಅಳೆದೆ: 12 ವೋಲ್ಟ್‌ನ ಗೆರೆ 11.4ರಿಂದ 12.6ರೊಳಗೆ ಇರಬೇಕು, 5 ವೋಲ್ಟ್‌ನದು 4.75ರಿಂದ 5.25ರೊಳಗೆ, ಎರಡೂ ಅಲುಗಾಡದೆ ಮಧ್ಯದಲ್ಲೇ ನಿಂತವು. ಸಮಾಧಾನಕ್ಕೆ ನನ್ನ ಎಸ್‌ಎಂಪಿಎಸ್ಸನ್ನೂ ಕೊಟ್ಟು ನೋಡಿದೆ. ಅದೇ ಹಳದಿ ದೀಪ. ನಾಲ್ಕರಲ್ಲಿ ಎರಡು ಹೋದವು, ಕ್ಯಾಬಿನೆಟ್ ಮತ್ತು ಕೂಲರ್ ಉಳಿದವು.

ಹೊರಗೆ ತೆಗೆದಾಗ ಎದ್ದಿತು

ಬೋರ್ಡನ್ನು ಕೂಲರ್ ಸಮೇತ ಕ್ಯಾಬಿನೆಟ್ಟಿನಿಂದ ಬಿಡಿಸಿ, ಅದರದೇ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿ, ಎಸ್‌ಎಂಪಿಎಸ್ ಕೊಟ್ಟು, ಪವರ್ ಬಟನಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ. ಒಂದೇ ಸಲಕ್ಕೆ ಡಿಸ್ಪ್ಲೇ ಬಂತು. 32 ಜಿಬಿ.

ಹುಡುಗ ಕುಣಿದುಬಿಟ್ಟ. “ಕ್ಯಾಬಿನೆಟ್ಟೇ ಶಾರ್ಟ್ ಅಣ್ಣ!” ಅವನ ಊಹೆಗೆ ಆಧಾರವೂ ಇತ್ತು. ಮೈಕ್ರೋ ಎಟಿಎಕ್ಸ್ ಬೋರ್ಡ್ 244 ಮಿಲಿಮೀಟರ್ ಚೌಕ, ಪೂರ್ಣ ಎಟಿಎಕ್ಸ್ 305ಕ್ಕೆ 244. ಕ್ಯಾಬಿನೆಟ್ಟುಗಳಲ್ಲಿ ದೊಡ್ಡ ಬೋರ್ಡಿಗೆಂದು, ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟಡ್‌ಗಳನ್ನು ಮೊದಲೇ ತಿರುಗಿಸಿ ಕಳಿಸಿರುತ್ತಾರೆ. ಚಿಕ್ಕ ಬೋರ್ಡಿಗೆ ಬೇಡದ ಸ್ಟಡ್ ಒಂದು ಉಳಿದುಬಿಟ್ಟರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುವುದು ನಿಜವಾಗಿಯೂ ಉಂಟು. ಹೊರಗೆ ಎದ್ದಿತು, ಒಳಗೆ ಏಳಲಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಜನ ಕ್ಯಾಬಿನೆಟ್ ಬದಲಾಯಿಸುತ್ತಾರೆ. ನೋಡಿದರೆ ಇಲ್ಲಿ ಸ್ಟಡ್‌ಗಳು ಬೋರ್ಡಿನ ತೂತುಗಳಿಗೆ ಸರಿಯಾಗಿಯೇ ಇದ್ದವು, ಹೆಚ್ಚಿಗೆ ಒಂದೂ ಇರಲಿಲ್ಲ. ಬೋರ್ಡಿನ ಬೆನ್ನಿನಲ್ಲಿ ತಾಗಿದ ಗುರುತೂ ಇರಲಿಲ್ಲ.

ಆಗ ಚೀಟಿ ನೋಡಿದೆ. ಬೋರ್ಡನ್ನು ಹೊರಗೆ ತೆಗೆದಾಗ ನಾವು ಬದಲಾಯಿಸಿದ್ದು ಕ್ಯಾಬಿನೆಟ್ ಒಂದನ್ನೇ ಅಲ್ಲ. ನಿಂತಿದ್ದ ಬೋರ್ಡ್ ಮಲಗಿತ್ತು. ಬೆಂಗಳೂರಿನ ಅಂಗಡಿಯ ಟೇಬಲ್ ಮೇಲೂ ಮಲಗಿತ್ತು. ಮೊದಲ ದಿನ ಹಾಲಿನ ನೆಲದ ಮೇಲೆ, ಅವನು ಜೋಡಿಸುತ್ತಿದ್ದಾಗ, ಕ್ಯಾಬಿನೆಟ್ ಪಕ್ಕಕ್ಕೆ ಉರುಳಿ ಮಲಗಿಯೇ ಇತ್ತು. ಎದ್ದ ಸಂದರ್ಭಗಳಲ್ಲೆಲ್ಲ ಮಲಗಿರುವುದು ಸಾಮಾನ್ಯವಾಗಿತ್ತು.

ಇದನ್ನು ಪರೀಕ್ಷಿಸಲು ಒಂದು ರೂಪಾಯಿಯೂ ಬೇಡ. ಬೋರ್ಡನ್ನು ಕ್ಯಾಬಿನೆಟ್ಟಿಗೇ ಮತ್ತೆ ಕೂರಿಸಿ, ಸ್ಕ್ರೂ ಎಲ್ಲ ಹಾಕಿ, ಕ್ಯಾಬಿನೆಟ್ಟನ್ನು ಪಕ್ಕಕ್ಕೆ ಮಲಗಿಸಿ ಒತ್ತಿದೆ. ಎದ್ದಿತು. ಪವರ್ ತೆಗೆದು, ನಿಲ್ಲಿಸಿ, ಮತ್ತೆ ಕೊಟ್ಟು ಒತ್ತಿದೆ. ಹಳದಿ ದೀಪ. ಮತ್ತೆ ಮಲಗಿಸಿದೆ, ಎದ್ದಿತು. ಕ್ಯಾಬಿನೆಟ್ ನಿರ್ದೋಷಿ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಹುಡುಗ ಮಾತಾಡದೆ ನೋಡುತ್ತಾ ನಿಂತ; ಆಮೇಲೆ ತಾನೇ ಮುಂದೆ ಬಂದು ಒಂದು ಸಲ ಮಲಗಿಸಿ, ಒಂದು ಸಲ ನಿಲ್ಲಿಸಿ ಮಾಡಿ ನೋಡಿದ. ಎರಡು ಸಂಗತಿ ಒಟ್ಟಿಗೆ ಬದಲಾದಾಗ ನಮ್ಮ ಕಣ್ಣು ದೊಡ್ಡದರ ಮೇಲೆ ಬೀಳುತ್ತದೆ, ಚಿಕ್ಕದು ಕಾಣುವುದೇ ಇಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಹಂತ. ಇಲ್ಲಿ ಆತುರಪಟ್ಟಿದ್ದರೆ ಹೊಸ ಕ್ಯಾಬಿನೆಟ್ ಕೊಂಡು, ಅದರಲ್ಲೂ ನಿಲ್ಲಿಸಿ, ಅದೇ ಹಳದಿ ದೀಪ ನೋಡುತ್ತಿದ್ದ.

ನಿಂತಾಗ ಬೋರ್ಡಿನ ಮೇಲೆ ಬದಲಾಗುವುದೇನು? ಟವರ್ ಕೂಲರಿನ ತೂಕ. ಮುಕ್ಕಾಲು ಕಿಲೋದ ಹತ್ತಿರ ತೂಗುವ ಲೋಹದ ಗಟ್ಟಿ ಮಲಗಿದ್ದಾಗ ಪ್ರೊಸೆಸರಿನ ಮೇಲೆ ನೇರ ಕೂತಿರುತ್ತದೆ. ನಿಂತಾಗ ಗೋಡೆಗೆ ಬಡಿದ ಹಾಗೆ ಅಡ್ಡಕ್ಕೆ ಚಾಚಿ, ತುದಿ ಕೆಳಕ್ಕೆ ಜಗ್ಗುತ್ತದೆ. ಚೆನ್ನಾಗಿ ಕೂರಿಸಿದ ಕೂಲರಿಗೆ ಇದು ಲೆಕ್ಕಕ್ಕಿಲ್ಲ, ಲಕ್ಷಾಂತರ ಕಂಪ್ಯೂಟರುಗಳು ಹಾಗೇ ನಿಂತು ಕೆಲಸ ಮಾಡುತ್ತಿವೆ. ಹಾಗಾದರೆ ಇಲ್ಲಿ ಕೂರಿಸುವುದರಲ್ಲೇ ಏನೋ ಇರಬೇಕು.

ಚಾನೆಲ್ ಬಿ

ಕೂಲರ್ ಬಿಚ್ಚುವ ಮುಂಚೆ ಒಂದನ್ನು ಗಟ್ಟಿ ಮಾಡಿಕೊಳ್ಳಬೇಕಿತ್ತು, ಬಿಚ್ಚಿದ ಮೇಲೆ ಆ ಸ್ಥಿತಿ ಮತ್ತೆ ಸಿಗುವುದಿಲ್ಲ. ಕ್ಯಾಬಿನೆಟ್ ನಿಲ್ಲಿಸಿಕೊಂಡೇ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಅದಲುಬದಲು ಮಾಡಿದೆ. ಮೊದಲ ಕಡ್ಡಿ ಎ2ನಲ್ಲಿ: ಎದ್ದಿತು. ಅದೇ ಕಡ್ಡಿ ಬಿ2ನಲ್ಲಿ: ಹಳದಿ ದೀಪ. ಎರಡನೇ ಕಡ್ಡಿ ಎ2ನಲ್ಲಿ: ಎದ್ದಿತು. ಬಿ2ನಲ್ಲಿ: ಹಳದಿ ದೀಪ. ಬಿ1ಕ್ಕೆ ಹಾಕಿದರೂ ಹಳದಿ. ತೊಂದರೆ ಕಡ್ಡಿಯ ಜೊತೆ ಹೋಗದೆ ಬಿ ಚಾನೆಲ್‌ನಲ್ಲೇ ಉಳಿಯಿತು. ಎರಡೂ ಸ್ಲಾಟಿನಲ್ಲಿ ಒಂದೇ ಫಲ ಬಂದದ್ದರಿಂದ ಸ್ಲಾಟಿನ ಕಸವೂ ಅಲ್ಲ. ಎರಡು ಬಿ ಸ್ಲಾಟುಗಳಿಗೂ ಸಮಾನವಾದದ್ದು ಬೋರ್ಡಿನ ಗೆರೆಗಳು, ಸಾಕೆಟ್ಟು ಮತ್ತು ಪ್ರೊಸೆಸರ್.

ರ‍್ಯಾಮ್ ಹೋಗಿದೆ ಎಂದು ಹೇಳುವ ಮುಂಚೆ ಯಾರಾದರೂ ಈ ಅದಲುಬದಲನ್ನು ಮಾಡಿದ್ದರೆ ಆ ಎರಡನೇ ಜೊತೆಯ ದುಡ್ಡು ತಾಯಿಯ ಕೈಯಲ್ಲೇ ಇರುತ್ತಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

“ಎ2ನಲ್ಲಿ ಒಂದೇ ಕಡ್ಡಿ ಹಾಕ್ಕೊಂಡು ಓಡಿಸ್ಬೋದಲ್ಲ ಅಣ್ಣ, ಸದ್ಯಕ್ಕೆ?” ಎಂದು ಕೇಳಿದ. ಓಡುತ್ತಿತ್ತು. ಆದರೆ ಡಿಡಿಆರ್4-3200 ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡರಲ್ಲಿ 51.2 ಜಿಬಿ ಸಾಗಿಸಬಲ್ಲದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇವನ ಯಂತ್ರದಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಅರ್ಧ ದಾರಿ ಮುಚ್ಚಿಕೊಂಡು ವಿಡಿಯೋ ಎಡಿಟಿಂಗ್ ಮಾಡುವುದು ಬೇಡ. ಅದಕ್ಕಿಂತ ಹೆಚ್ಚಾಗಿ, ಒತ್ತಡದ ತಪ್ಪೊಂದು ಒಳಗಿದೆ ಎಂದು ಗೊತ್ತಿದ್ದೂ ಹಾಗೇ ಬಿಟ್ಟರೆ ನಾಳೆ ಎ ಚಾನೆಲ್ಲೂ ಕೈಕೊಡಬಹುದು, ಎಡಿಟ್ ನಡುವೆ ಫೈಲು ಕೆಡಬಹುದು. ಮದುವೆಯ ವಿಡಿಯೋ ಎರಡನೇ ಸಲ ತೆಗೆಯಲಾಗದ್ದು.

ಕೂಲರ್ ಕೆಳಗೆ

ಪವರ್ ಪೂರ್ತಿ ತೆಗೆದು, ಕೂಲರಿನ ಎರಡು ಸ್ಪ್ರಿಂಗ್ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸಿದೆ. ಬೇರೇನನ್ನೂ ಮುಟ್ಟಲಿಲ್ಲ. ನಿಲ್ಲಿಸಿ ಒತ್ತಿದರೆ ಎರಡೂ ಕಡ್ಡಿ ಕಂಡು ಬಯಾಸ್ ಬಂತು. ಮತ್ತೆ ಬಿಗಿ ಮಾಡಿದೆ, ಹಳದಿ ದೀಪ ಮರಳಿತು. ತೊಂದರೆಯನ್ನು ನಮ್ಮ ಇಚ್ಛೆಯಂತೆ ತರಿಸಿ, ಇಚ್ಛೆಯಂತೆ ಹೋಗಿಸಲು ಆದಾಗ ಮಾತ್ರ ಕಾರಣ ಸಿಕ್ಕಿತೆಂದು ನಾನು ನಂಬುತ್ತೇನೆ. ಸುಮ್ಮನೆ ಬಿಚ್ಚಿ ಜೋಡಿಸಿ ಸರಿಹೋದ ಯಂತ್ರಗಳು ಹದಿನೈದು ದಿನಕ್ಕೆ ಮತ್ತೆ ಬರುತ್ತವೆ.

ಕೂಲರ್ ಎತ್ತಿದಾಗ, ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಪೇಸ್ಟಿನ ಗುರುತೇ ಕಥೆ ಹೇಳಿತು. ಪ್ರೊಸೆಸರಿನ ಒಂದು ಅಂಚಿನಲ್ಲಿ ಲೋಹ ಕಾಣುವಷ್ಟು ತೆಳುವಾಗಿ ಒತ್ತಿಹೋಗಿತ್ತು, ಎದುರು ಮೂಲೆಯಲ್ಲಿ ದಪ್ಪಗೆ ಹಾಗೇ ನಿಂತಿತ್ತು. ಕೂಲರ್ ಓರೆಯಾಗಿ ಕೂತಿತ್ತು. ಯಾಕೆ ಎಂದು ಕೂಲರನ್ನು ಬೋರ್ಡಿಗೆ ಹಿಡಿಸುವ ಕೆಳಗಿನ ಪಟ್ಟಿಗಳನ್ನು ಬಿಚ್ಚಿದಾಗ ಗೊತ್ತಾಯಿತು. ಪಟ್ಟಿಗಳ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಸ್ಪೇಸರ್ ಇರುತ್ತವೆ. ಅದರಲ್ಲಿ ಮೂರು ಒಂದು ಎತ್ತರ, ಒಂದು ಸ್ವಲ್ಪ ಹೆಚ್ಚು ಎತ್ತರ.

ಕೂಲರ್ ತಯಾರಕರು ಒಂದೇ ಡಬ್ಬಿಯಲ್ಲಿ ಹಲವು ಸಾಕೆಟ್ಟುಗಳಿಗೆ ಬೇಕಾದ ಸಾಮಾನು ಹಾಕಿರುತ್ತಾರೆ. ಎಲ್‌ಜಿಎ 1200 ಮತ್ತು ಅದರ ಹಿಂದಿನ 1151, 1150ರಂಥ ಸಾಕೆಟ್ಟುಗಳಲ್ಲಿ ಕೂಲರಿನ ತೂತುಗಳ ಅಂತರ 75 ಮಿಲಿಮೀಟರ್. 2021ರ ಕೊನೆಗೆ ಬಂದ ಎಲ್‌ಜಿಎ 1700ರಲ್ಲಿ ಅದು 78 ಆಯಿತು. ಅಂತರದ ಜೊತೆಗೆ ಪ್ರೊಸೆಸರಿನ ಮೇಲ್ಮೈಯ ಎತ್ತರವೂ ಮಿಲಿಮೀಟರಿಗಿಂತ ಕಡಿಮೆ ಅಳತೆಯಲ್ಲಿ ತಗ್ಗಿತು. ಹಾಗಾಗಿ ಹಳೆಯ ಸಾಕೆಟ್ಟಿನ ಸ್ಪೇಸರ್ ಹೊಸದಕ್ಕಿಂತ ಎತ್ತರ. ನೋಡಲು ಎರಡೂ ಕಪ್ಪು, ಎರಡೂ ಉರುಟು, ಪಕ್ಕ ಪಕ್ಕ ಇಟ್ಟು ನೋಡದಿದ್ದರೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಜೋಡಿಸುವಾಗ ಎರಡೂ ಪ್ಯಾಕೆಟ್ ಒಡೆದು ಒಂದೇ ತಟ್ಟೆಗೆ ಸುರಿದುಕೊಂಡಿದ್ದೆ ಎಂದು ಹುಡುಗ ನೆನಪಿಸಿಕೊಂಡ. ಒಂದು ಮೂಲೆ ಎತ್ತರವಾದದ್ದಕ್ಕೆ ಕೂಲರ್ ಅಲುಗಾಡಿದಂತೆ ಕಂಡಿದೆ. ಅಲುಗಾಟ ನಿಲ್ಲಲೆಂದು ಒಂದು ಸ್ಕ್ರೂವನ್ನು ಕೊನೆಮುಟ್ಟ ತಿರುಗಿಸಿ, ಆಮೇಲೆ ಇನ್ನೊಂದನ್ನು ಬಿಗಿದಿದ್ದಾನೆ. ಎಲ್‌ಜಿಎ 1700ರ ಪ್ರೊಸೆಸರ್ 37.5 ಕ್ಕೆ 45 ಮಿಲಿಮೀಟರ್, ಹಿಂದಿನವುಗಳಂತೆ ಚೌಕವಲ್ಲ, ಉದ್ದ. ಬೀಗದ ತಗಡು ಅದನ್ನು ಮಧ್ಯದಲ್ಲಷ್ಟೇ ಹಿಡಿಯುವುದರಿಂದ ತುಸು ಬಾಗುತ್ತದೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಅದರ ಮೇಲೆ ಓರೆ ಒತ್ತಡ, ನಿಂತಾಗ ಮುಕ್ಕಾಲು ಕಿಲೋದ ಜಗ್ಗಾಟ. ಬಿ ಚಾನೆಲ್‌ನ ಕೆಲವು ಪಿನ್ನುಗಳ ಸ್ಪರ್ಶ ಸಡಿಲವಾಗಲು ಇಷ್ಟು ಸಾಕು.

ಪ್ರೊಸೆಸರ್ ಎತ್ತಿ ಸಾಕೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದೆ, ಮೊಬೈಲಿನಲ್ಲಿ ಓರೆ ಬೆಳಕಿಟ್ಟು ಫೋಟೋ ತೆಗೆದು ಹಿಗ್ಗಿಸಿಯೂ ನೋಡಿದೆ. ಪಿನ್ನುಗಳ ಸಾಲು ಒಂದೇ ಸಮನೆ ಮಿನುಗುತ್ತಿದ್ದವು, ಬಾಗಿದ್ದು ಒಂದೂ ಇರಲಿಲ್ಲ. ನಿಟ್ಟುಸಿರು ಬಿಟ್ಟೆ. ಪಿನ್ ಬಾಗಿದ ಬೋರ್ಡಿಗೆ ವಾರಂಟಿ ಸಿಗುವುದು ಬಹಳ ಕಷ್ಟ. ಬೋರ್ಡಿನ ಜೊತೆ ಬರುವ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದು ಬೇಕೇ ಬೇಕು.

ಟವರ್ ಕೂಲರನ್ನು ತಕ್ಷಣ ವಾಪಸ್ ಹಾಕಲಿಲ್ಲ. ಎತ್ತಿಟ್ಟಿದ್ದ ಚಿಕ್ಕ ಕೂಲರನ್ನು ತರಿಸಿ ಅದನ್ನು ಕೂರಿಸಿ, ಕ್ಯಾಬಿನೆಟ್ ನಿಲ್ಲಿಸಿ, ಎರಡೂ ಕಡ್ಡಿ ಹಾಕಿ ನೋಡಿದೆ. ಒತ್ತಿದಷ್ಟೂ ಸಲ ಎದ್ದಿತು. ಪ್ರೊಸೆಸರ್, ಬೋರ್ಡು, ರ‍್ಯಾಮ್ ಮೂರಕ್ಕೂ ಪೆಟ್ಟಾಗಿಲ್ಲ ಎಂಬ ಖಾತ್ರಿ ಇದರಿಂದ ಸಿಕ್ಕಿತು. ಆಮೇಲೆ ಟವರ್ ಕೂಲರಿಗೆ ಒಂದೇ ಎತ್ತರದ ನಾಲ್ಕು ಸ್ಪೇಸರ್ ಆರಿಸಿ ಹಾಕಿ, ಪಟ್ಟಿ ಮಟ್ಟವಾಗಿದೆಯೇ ಎಂದು ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ಹೊಸ ಪೇಸ್ಟ್ ಹಚ್ಚಿ, ಈ ಕಡೆ ಎರಡು ಸುತ್ತು ಆ ಕಡೆ ಎರಡು ಸುತ್ತು ಎಂದು ಸರದಿಯಲ್ಲಿ ಬಿಗಿದೆವು. ಬಿಗಿದದ್ದು ಹುಡುಗನೇ, ನಾನು ಪಕ್ಕದಲ್ಲಿ ನಿಂತಿದ್ದೆ. ಸ್ಕ್ರೂ ತಾನಾಗಿ ತಡೆದಾಗ ನಿಲ್ಲಿಸಬೇಕು, ಅದರಾಚೆ ಕೈಬಲ ತೋರಿಸಬಾರದು ಎಂಬುದು ಅವನ ಕೈಗೆ ಹತ್ತಬೇಕಿತ್ತು.

ರಾತ್ರಿ ಕ್ಯಾಬಿನೆಟ್ ನಿಲ್ಲಿಸಿದ ಸ್ಥಿತಿಯಲ್ಲೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಟ್ಟೆ. ಬೆಳಗ್ಗೆ ತಪ್ಪುಗಳ ಕಾಲಂನಲ್ಲಿ ಸೊನ್ನೆ. ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಹಾಕಿ 3200 ವೇಗಕ್ಕೆ ತಂದು ಮತ್ತೊಮ್ಮೆ ಓಡಿಸಿದಾಗಲೂ ಸೊನ್ನೆ.

ಜುಂ ಅನ್ನುವ ಕ್ಯಾಬಿನೆಟ್

ಯಂತ್ರವನ್ನು ಮನೆಗೆ ಮುಟ್ಟಿಸಲು ನಾನೂ ಹೋದೆ. ಅದಕ್ಕೆ ಕಾರಣವಿತ್ತು. ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ, ಅದರಿಂದಲೇ ಆನ್ ಆಗುತ್ತಿಲ್ಲ ಎಂದು ಅವನ ಗೆಳೆಯರು ಹೇಳಿದ್ದರು. ಆನ್ ಆಗದ್ದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಆಗಲೇ ಗೊತ್ತಾಗಿತ್ತು, ಆದರೆ ಸಂಬಂಧವಿಲ್ಲದ ಮಾತ್ರಕ್ಕೆ ಅದನ್ನು ಬಿಟ್ಟುಬಿಡುವಂತಿರಲಿಲ್ಲ.

ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತವೆ, ವಿದ್ಯುತ್ ಗದ್ದಲವನ್ನು ಅರ್ತಿಗೆ ಇಳಿಸಲೆಂದು. ಅರ್ತಿಂಗ್ ಇಲ್ಲದಿದ್ದರೆ ಲೋಹ ಎರಡರ ನಡುವೆ ತೇಲುತ್ತದೆ. 230 ವೋಲ್ಟ್‌ನ ಹೆಚ್ಚುಕಡಿಮೆ ಅರ್ಧ ಮೀಟರಿನಲ್ಲಿ ಕಾಣುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಜುಂ ಅನ್ನುವುದಷ್ಟೇ. ಆ ಮನೆಯಲ್ಲಿ ಮೀಟರ್ ಇಟ್ಟಾಗ ಅರ್ಧದ ಆಸುಪಾಸೇ ಬಂತು. ಪ್ಲಗ್ಗಿನ ಪೆಟ್ಟಿಗೆ ಬಿಚ್ಚಿದರೆ ಮೂರನೇ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಹಳೆಯ ಮನೆ, ಎರಡು ತಂತಿಯ ವೈರಿಂಗ್. ಮೂರು ಪಿನ್ನಿನ ಸಾಕೆಟ್ ನೋಡಲಿಕ್ಕಷ್ಟೇ.

ಇದು ಕಂಪ್ಯೂಟರಿಗಿಂತ ದೊಡ್ಡ ವಿಷಯ ಎಂದು ತಾಯಿಗೆ ಕೂರಿಸಿ ಹೇಳಿದೆ. ಇವತ್ತು ಜುಂ ಅನ್ನುತ್ತದೆ, ಒಳಗೆ ಫೇಸ್ ತಂತಿ ಸಡಿಲವಾಗಿ ಲೋಹಕ್ಕೆ ತಾಗಿದ ದಿನ ಪ್ರಾಣವೇ ಹೋಗಬಹುದು. ಫ್ರಿಜ್ಜು, ಮಿಕ್ಸಿ, ಐರನ್ ಬಾಕ್ಸು ಎಲ್ಲವೂ ಇದೇ ವೈರಿಂಗಿನಲ್ಲಿವೆ. “ಹಂಗಾದ್ರೆ ಮೊದ್ಲು ಅದೇ ಮಾಡ್ಸಣ ಬಿಡಪ್ಪ,” ಎಂದರು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಹಿತ್ತಿಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ, ಜಿಐ ಪೈಪ್ ಇಳಿಸಿ, ಅಲ್ಲಿಂದ ಮೂರನೇ ತಂತಿ ಎಳೆದುಕೊಟ್ಟರು. ಆಮೇಲೆ ಕ್ಯಾಬಿನೆಟ್ಟಿಗೆ ಮೀಟರ್ ಇಟ್ಟರೆ ಮುಳ್ಳು ಅಲುಗಲಿಲ್ಲ. ಅರ್ತಿಂಗ್ ಇಲ್ಲದ ಮನೆಯಲ್ಲಿ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಪೋರ್ಟ್ ಸುಟ್ಟುಕೊಂಡವರಿದ್ದಾರೆ, ಆ ಭಯವೂ ತಪ್ಪಿತು.

ಎರಡನೇ ಜೊತೆ ರ‍್ಯಾಮನ್ನು ಉಳಿದ ಎರಡು ಸ್ಲಾಟಿಗೆ ಹಾಕಿ 64 ಜಿಬಿ ಮಾಡಿಬಿಡೋಣವೇ ಎಂದು ಕೇಳಿದ. ಅದು ಬೇರೆ ಕಂಪನಿಯದು, ಬೇರೆ ಟೈಮಿಂಗ್‌ನದು. ನಾಲ್ಕು ಕಡ್ಡಿ, ಅದರಲ್ಲೂ ಬೇರೆ ಬೇರೆ ಜೊತೆ, ಒಟ್ಟಿಗೆ 3200ರಲ್ಲಿ ನಿಲ್ಲುತ್ತವೆಂಬ ಖಾತ್ರಿಯಿಲ್ಲ. ಅವನ ಕೆಲಸಕ್ಕೆ 32 ಜಿಬಿ ಸಾಕು. ಇಂಥದ್ದೇ ಡಿಡಿಆರ್4 ಬೋರ್ಡ್ ಜೋಡಿಸುತ್ತಿದ್ದ ಇನ್ನೊಬ್ಬ ಗಿರಾಕಿಗೆ ಅದನ್ನು ಸ್ವಲ್ಪ ಕಡಿಮೆಗೆ ಮಾರಿಸಿಕೊಟ್ಟೆ. ಮಾರುವ ಮುಂಚೆ ಆ ಜೊತೆಗೂ ಮೆಮ್‌ಟೆಸ್ಟ್ ಓಡಿಸಿ ಫಲಿತಾಂಶವನ್ನು ಕೊಳ್ಳುವವರಿಗೆ ತೋರಿಸಿದೆವು. ಬಂದ ದುಡ್ಡು ಅರ್ತಿಂಗ್ ಖರ್ಚಿಗೆ ಹೋಯಿತು.